ಜೋಗಿಮಟ್ಟಿ ಏರಿಗೆ 32 ಹಲ್ಲು

ಸೈಕಲ್ ಸವಾರರ ಪ್ರಶ್ನೆಗಳಿಗೆ ದಾವಣಗೆರೆಯ ಸೈಕಲ್ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ. ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ವಯಸ್ಸು 52, ತೂಕ 74 ಕಿಲೊ. ಹೋದ ವರ್ಷ ರೋಡ್ ಬೈಕ್ ಕೊಂಡೆ. ಮುಂದೆ 50 ಮತ್ತು 34 ಹಲ್ಲಿನ ಎರಡು ರಿಂಗ್. ಹಿಂದೆ 8 ಗೇರ್, 11ರಿಂದ 28 ಹಲ್ಲು. ಗೇರ್ ಸೆಟ್ ಶಿಮಾನೊ ಕಂಪನಿಯ ಕ್ಲಾರಿಸ್. ಊರ ಸುತ್ತ ಆರಾಮಾಗಿ ಹೋಗುತ್ತೇನೆ. ಜೋಗಿಮಟ್ಟಿ ಗುಡ್ಡದ ಕಡೆ ತಿರುಗಿಸಿದರೆ ಮಾತ್ರ ಕಡೇ ಗೇರಿನಲ್ಲೂ ಪೆಡಲ್ ತಿರುಗಿಸಲು ಆಗುವುದಿಲ್ಲ. ಹೋಗಿ ಬಂದ ಮೇಲೆ ಮಂಡಿಯ ಮುಂಭಾಗದಲ್ಲಿ ನೋವು. ಅಂಗಡಿಯವರು ಇದಕ್ಕಿಂತ ಹಗುರ ಗೇರ್ ಈ ಸೈಕಲ್ಲಿಗೆ ಬರುವುದಿಲ್ಲ, ಎಂಟಿಬಿ (ಗುಡ್ಡಗಾಡಿನ ಸೈಕಲ್) ತಗೊಳ್ಳಿ ಅಂದರು. ಜೊತೆಗೆ ಬರುವ ಹುಡುಗರು, "ಗೇರ್ ಇಳಿಸಿದರೆ ವ್ಯಾಯಾಮ ಏನು ಬಂತು ಸರ್, ಕಾಲಿಗೆ ಶಕ್ತಿ ಬರಲಿ ಬಿಡಿ" ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಸೈಕಲ್ ಮಾರಬೇಡಿ. ಇದಕ್ಕಿಂತ ಹಗುರ ಗೇರ್ ನಿಮ್ಮ ಸೈಕಲ್ಲಿಗೆ ಖಂಡಿತ ಬರುತ್ತದೆ. ಫ್ರೇಮ್ ಮುಟ್ಟುವುದು ಬೇಡ. ಹ್ಯಾಂಡಲ್ ಮೇಲಿನ ಗೇರ್ ಲಿವರ್ ಬದಲಿಸುವುದೂ ಬೇಡ. ಹಿಂದಿನ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲು), ಚೈನ್, ಬಹುಶಃ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ). ಇಷ್ಟರಲ್ಲಿ ಕೆಲಸ ಮುಗಿಯುತ್ತದೆ. ಮೂರೂ ಸೇರಿದರೂ ಹೊಸ ಸೈಕಲ್ಲಿನ ಬೆಲೆಯ ಸಣ್ಣ ಪಾಲು ಅಷ್ಟೇ. ಮಂಡಿ ನೋವು ಅಂತ ಒಳ್ಳೇ ಸೈಕಲ್ಲನ್ನು ಮೂಲೆಗೆ ನಿಲ್ಲಿಸಿದವರನ್ನು ನಾನು ತುಂಬಾ ನೋಡಿದ್ದೇನೆ. ಅವರಲ್ಲಿ ಬಹಳ ಜನಕ್ಕೆ ಬೇಕಾಗಿದ್ದದ್ದು ಹಿಂದೆ ನಾಲ್ಕು ಹಲ್ಲು ಜಾಸ್ತಿ. ಯಾರೂ ಅದನ್ನು ಹೇಳಿರಲಿಲ್ಲ. ಅದಕ್ಕೇ ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಹಿಂದೆ ಹಲ್ಲು ಜಾಸ್ತಿ ಆದಷ್ಟೂ ತುಳಿಯಲು ಹಗುರ. ಮುಂದೆ ಕಡಿಮೆ ಆದಷ್ಟೂ ಹಗುರ. ನಿಮ್ಮ ಕಡೇ ಗೇರಿನಲ್ಲಿ ಮುಂದೆ 34, ಹಿಂದೆ 28. ಭಾಗಿಸಿದರೆ 1.21. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಗಾಲಿ 1.21 ಸುತ್ತು ಬರುತ್ತದೆ. ರೋಡ್ ಬೈಕಿನ ಗಾಲಿಯ ಸುತ್ತಳತೆ ಸುಮಾರು 2.1 ಮೀಟರ್. ಹಾಗಾಗಿ ಪೆಡಲಿನ ಒಂದು ಸುತ್ತಿಗೆ ನೀವು 2.55 ಮೀಟರ್ ಮುಂದೆ ಹೋಗುತ್ತೀರಿ. ರಸ್ತೆ 100 ಮೀಟರಿಗೆ 8 ಮೀಟರ್ ಏರುವಂಥದ್ದು ಅಂತ ಇಟ್ಟುಕೊಳ್ಳಿ. ಆಗ ಆ ಒಂದು ಸುತ್ತಿನಲ್ಲಿ ನೀವು 20 ಸೆಂಟಿಮೀಟರ್ ಮೇಲೆ ಹೋಗಿರುತ್ತೀರಿ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೊ ಅಂದರೂ, ಅಷ್ಟನ್ನೂ ಪ್ರತಿ ಸುತ್ತಿಗೆ 20 ಸೆಂಟಿಮೀಟರ್ ಎತ್ತುತ್ತಿದ್ದೀರಿ. ಅದನ್ನೆಲ್ಲ ಎತ್ತುವುದು ನಿಮ್ಮ ಎರಡು ಕಾಲು. ದಮ್ಮು ಸಾಲದೆ ನಿಧಾನ ಆದ ಹಾಗೆ ಪೆಡಲ್ ನಿಮಿಷಕ್ಕೆ 45 ಸುತ್ತಿಗೆ ಇಳಿಯುತ್ತದೆ. ಒಂದೊಂದು ಸುತ್ತೂ ಮಂಡಿಯನ್ನು ಹಿಂಡುತ್ತದೆ. ಸಪಾಟು ರಸ್ತೆಯಲ್ಲಿ ಪಳಗಿದವರ ಪೆಡಲ್ ನಿಮಿಷಕ್ಕೆ 80-90 ಸುತ್ತು ತಿರುಗುತ್ತಿರುತ್ತದೆ. ಏರಿನಲ್ಲಿ ಅಷ್ಟು ಬೇಡ. 60ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಂಡರೆ ಮಂಡಿ ಸುಧಾರಿಸಿಕೊಳ್ಳುತ್ತದೆ.

ಈಗ ಹಿಂದೆ 32 ಹಲ್ಲು ಹಾಕಿದರೆ 34ಕ್ಕೆ 32, ಅಂದರೆ 1.06. ಒಂದು ಸುತ್ತಿಗೆ 2.23 ಮೀಟರ್. ಅದೇ ಏರಿನಲ್ಲಿ 20 ಸೆಂಟಿಮೀಟರ್ ಬದಲು 18ರಷ್ಟು ಎತ್ತುತ್ತೀರಿ. ಭಾರದಲ್ಲಿ ಎಂಟನೇ ಒಂದು ಭಾಗ ಇಳಿಯಿತು. 34 ಹಲ್ಲು ಹಾಕಿದರೆ ಮುಂದೂ 34, ಹಿಂದೂ 34. ಪೆಡಲ್ ಒಂದು ಸುತ್ತಿಗೆ ಗಾಲಿ ಒಂದೇ ಸುತ್ತು. 17 ಸೆಂಟಿಮೀಟರ್ ಸಾಕು. ಕಾಗದದ ಮೇಲೆ ಎರಡು ಮೂರು ಸೆಂಟಿಮೀಟರ್ ಅಷ್ಟೇನಾ ಅನ್ನಿಸಬಹುದು. ಅರ್ಧ ಗಂಟೆಯ ಏರಿನಲ್ಲಿ ಸಾವಿರಾರು ಸುತ್ತು ತುಳಿಯುತ್ತೀರಿ ಅಲ್ವಾ, ಅಲ್ಲಿ ಗೊತ್ತಾಗುತ್ತದೆ.

ಹಾಗಾದರೆ 34 ಹಲ್ಲಿನದನ್ನೇ ಹಾಕಿಬಿಡೋಣ ಅನ್ನಬೇಡಿ. 8 ಗೇರಿನ 11-34 ಕ್ಯಾಸೆಟ್ಟಿನ ಹಲ್ಲುಗಳು ಸಾಮಾನ್ಯವಾಗಿ ಹೀಗಿರುತ್ತವೆ: 11, 13, 15, 17, 20, 23, 26, ಆಮೇಲೆ ಒಮ್ಮೆಗೇ 34. ಕೊನೆಯ ಎರಡರ ನಡುವೆ 8 ಹಲ್ಲಿನ ಹಾರಿಕೆ. ಏರಿನಲ್ಲಿ 26ರಲ್ಲಿ ಕಷ್ಟಪಟ್ಟು ತುಳಿಯುತ್ತಾ 34ಕ್ಕೆ ಹಾಕಿದರೆ ಕಾಲಿಗೆ ಹಿಡಿತವೇ ತಪ್ಪಿದ ಹಾಗೆ ಪೆಡಲ್ ಬಳಬಳ ತಿರುಗುತ್ತದೆ. ವಾಪಸ್ 26ಕ್ಕೆ ಬಂದರೆ ಮತ್ತೆ ಭಾರ. 11-32 ಕ್ಯಾಸೆಟ್ ನೋಡಿ: 11, 13, 15, 18, 21, 24, 28, 32. ಏರಿಗೆ ಬೇಕಾದ ಕಡೆ ಹೆಜ್ಜೆಗಳು ಹದವಾಗಿವೆ. 28ರಿಂದ 32ಕ್ಕೆ ಹೋದದ್ದು ಕಾಲಿಗೆ ಹಿತವಾಗಿರುತ್ತದೆ. ಆಯ್ಕೆ ನನ್ನದಾದರೆ 11-32. ಕೊಳ್ಳುವಾಗ ಡಬ್ಬಿಯ ಮೇಲೆ ಬರೆದ ಮೊದಲ ಮತ್ತು ಕೊನೆಯ ಸಂಖ್ಯೆ ಮಾತ್ರ ನೋಡಬೇಡಿ. ನಡುವಿನ ಹಲ್ಲುಗಳನ್ನೂ ಕೇಳಿ.

ಇದರಲ್ಲಿ ಕಳೆದುಕೊಳ್ಳುವುದೂ ಒಂದಿದೆ. ಈಗಿನ ನಿಮ್ಮ 11-28ರಲ್ಲಿ 15, 17, 19, 21 ಅಂತ ಎರಡೆರಡು ಹಲ್ಲಿನ ಹೆಜ್ಜೆ ಇದೆ. ಹೊಸದರಲ್ಲಿ ಅದೇ ಜಾಗದಲ್ಲಿ ಮೂರು ಮೂರು. ಸಪಾಟು ರಸ್ತೆಯಲ್ಲಿ ಗಾಳಿ ಇಲ್ಲದ ದಿನ ಇದು ಲೆಕ್ಕಕ್ಕೇ ಬರುವುದಿಲ್ಲ. ಆಷಾಢದಲ್ಲಿ ದುರ್ಗದಿಂದ ಹೊಳಲ್ಕೆರೆ ಕಡೆ ಹೊರಟರೆ ಬರುತ್ತದೆ. ಮುಂಗಾರಿನ ನೈಋತ್ಯ ಗಾಳಿ ನೇರ ಎದೆಗೆ. ನಿಮ್ಮೂರ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಗಂಟೆಗೆ 20 ಕಿಲೊಮೀಟರ್ ವೇಗದಲ್ಲಿ ಹೋಗುವವರಿಗೆ ಎದುರಿಂದ 20 ಕಿಲೊಮೀಟರ್ ಗಾಳಿ ಬೀಸಿದರೆ ಮೈಗೆ ಬಡಿಯುವುದು 40ರ ಗಾಳಿ. ಗಾಳಿಯ ತಡೆ ನಾಲ್ಕು ಪಟ್ಟು ಆಗುತ್ತದೆ. ಅಂಥ ಕಡೆ ಒಂದು ಗೇರ್ ತುಸು ಭಾರ, ಪಕ್ಕದ್ದು ತುಸು ಹಗುರ ಅನ್ನಿಸಬಹುದು. ಈ ಕಿರಿಕಿರಿ ನಿಮಗೆ ಗೊತ್ತಿರಲಿ ಅಂತ ಹೇಳಿದೆ. ಮಂಡಿ ನೋವಿನ ಮುಂದೆ ಅದು ದೊಡ್ಡದಲ್ಲ.

ಇನ್ನು ಹಿಂದಿನ ಡಿರೇಲರ್. ನಿಮ್ಮ ಅಂಗಡಿಯವರು ಬರುವುದಿಲ್ಲ ಅಂದದ್ದು ಇದೇ ಕಾರಣಕ್ಕೆ ಇರಬಹುದು. ಡಿರೇಲರಿನ ಕೆಳಗೆ ಎರಡು ಪುಟ್ಟ ಹಲ್ಲುಚಕ್ರ ಇವೆಯಲ್ಲ, ಅವನ್ನು ಹಿಡಿದಿರುವ ತಗಡಿನ ತೋಳಿಗೆ ಕೇಜ್ ಅನ್ನುತ್ತೇವೆ. ಆ ಎರಡು ಚಕ್ರಗಳ ಮಧ್ಯದಿಂದ ಮಧ್ಯಕ್ಕೆ ಸ್ಕೇಲ್ ಇಟ್ಟು ಅಳೆಯಿರಿ. ಐದೂವರೆ ಸೆಂಟಿಮೀಟರ್ ಆಸುಪಾಸು ಇದ್ದರೆ ಗಿಡ್ಡ ಕೇಜ್. ಏಳು ದಾಟಿದರೆ ಉದ್ದ ಕೇಜ್. ರೋಡ್ ಬೈಕಿನ ಡಿರೇಲರಿನಲ್ಲಿ ಶಿಮಾನೊದವರು ಗಿಡ್ಡದ್ದಕ್ಕೆ ಎಸ್‌ಎಸ್, ಉದ್ದದ್ದಕ್ಕೆ ಜಿಎಸ್ ಅಂತ ಗುರುತು ಕೊಡುತ್ತಾರೆ. ಗಿಡ್ಡ ಕೇಜಿಗೆ ಎರಡು ತೊಂದರೆ. ದೊಡ್ಡ ಹಲ್ಲುಚಕ್ರದ ಕೆಳಗೆ ಅದಕ್ಕೆ ಜಾಗ ಸಾಲುವುದಿಲ್ಲ. ಸಡಿಲವಾದ ಚೈನನ್ನು ಪೂರ್ತಿ ಎಳೆದುಕೊಳ್ಳಲೂ ಆಗುವುದಿಲ್ಲ. ಎಷ್ಟು ಎಳೆದುಕೊಳ್ಳಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಮುಂದಿನ ಎರಡು ರಿಂಗ್‌ಗಳ ವ್ಯತ್ಯಾಸ 50ರಲ್ಲಿ 34 ಹೋದರೆ 16. ಹಿಂದೆ 32ರಲ್ಲಿ 11 ಹೋದರೆ 21. ಒಟ್ಟು 37. ಡಿರೇಲರಿನ ವಿವರದಲ್ಲಿ ಟೋಟಲ್ ಕೆಪ್ಯಾಸಿಟಿ ಅಂತ ಒಂದು ಸಂಖ್ಯೆ ಇರುತ್ತದೆ. ಅದು 37 ಅಥವಾ ಜಾಸ್ತಿ ಇರಬೇಕು. ಅದರ ಜೊತೆ, ದೊಡ್ಡ ಹಲ್ಲುಚಕ್ರದ ಮಿತಿ 32 ಅಥವಾ ಜಾಸ್ತಿ ಅಂತಲೂ ಇರಬೇಕು. ಎರಡೂ ಸರಿಹೊಂದಿದರೆ ನಿಮ್ಮ ಡಿರೇಲರ್ ಬದಲಿಸುವುದೇ ಬೇಡ.

ಹೊಂದದಿದ್ದರೆ ನಿಮಗೆ ಒಂದು ಅನುಕೂಲ ಇದೆ. ಶಿಮಾನೊದ 8 ಮತ್ತು 9 ಗೇರಿನ ಕಾಲದಲ್ಲಿ ರೋಡ್ ಬೈಕಿನ ಡಿರೇಲರಿಗೂ ಎಂಟಿಬಿ ಡಿರೇಲರಿಗೂ ಕೇಬಲ್ ಎಳೆಯುವ ಅಳತೆ ಒಂದೇ. ಹಾಗಾಗಿ ನಿಮ್ಮ ರೋಡ್ ಲಿವರಿಗೆ ಅಸೆರಾ, ಅಲಿವಿಯೊದಂಥ 8 ಅಥವಾ 9 ಗೇರಿನ ಎಂಟಿಬಿ ಡಿರೇಲರ್ ಸಲೀಸಾಗಿ ಹೊಂದುತ್ತದೆ. ಅವು ಉದ್ದ ಕೇಜಿನವು, ಅಗ್ಗ, ಗಟ್ಟಿ. ಕೆಲವು ಎಂಟಿಬಿ ಡಿರೇಲರಿನಲ್ಲಿ ಕೇಬಲ್ ಬಿಗಿ ಮಾಡುವ ಬ್ಯಾರೆಲ್ ಸ್ಕ್ರೂ ಇರುವುದಿಲ್ಲ. ಫ್ರೇಮಿನ ಮೇಲಾದರೂ ಅದು ಇದೆಯಾ ನೋಡಿ. ಇಲ್ಲದಿದ್ದರೆ ಕೇಬಲ್ ನಡುವೆ ಒಂದು ಹಾಕಿಸಬೇಕು. ಓದುತ್ತಿರುವ ಬೇರೆಯವರಿಗೆ ಒಂದು ಎಚ್ಚರಿಕೆ: 10 ಗೇರಿನ ಟಿಯಾಗ್ರಾ 4700, 11 ಗೇರಿನ ಸೈಕಲ್ ಇರುವವರು ಈ ದಾರಿ ಹಿಡಿಯಬೇಡಿ. ಅವುಗಳಲ್ಲಿ ಕೇಬಲ್ ಅಳತೆಯೇ ಬೇರೆ. ಅದೇ ಗುಂಪಿನ ಉದ್ದ ಕೇಜ್ ಡಿರೇಲರನ್ನೇ ತರಬೇಕು.

ಚೈನ್ ಬಗ್ಗೆ ಮಾತ್ರ ದಯವಿಟ್ಟು ಉಡಾಫೆ ಬೇಡ. ಹಿಂದೆ ನಾಲ್ಕು ಹಲ್ಲು ಜಾಸ್ತಿ ಆದರೆ ಹಳೇ ಚೈನ್ ಗಿಡ್ಡ ಆಗಬಹುದು. ಮುಂದೆ ದೊಡ್ಡ ರಿಂಗ್, ಹಿಂದೆ ದೊಡ್ಡ ಚಕ್ರ ಸೇರಿದಾಗ ಗಿಡ್ಡ ಚೈನ್ ಬಿಲ್ಲಿನ ಹಗ್ಗದಂತೆ ಬಿಗಿಯುತ್ತದೆ. ಆಗ ಡಿರೇಲರ್ ಕಿತ್ತು ಸ್ಪೋಕಿಗೆ ಸಿಕ್ಕಿಕೊಳ್ಳಬಹುದು. ಗಾಲಿ, ಹ್ಯಾಂಗರ್ (ಫ್ರೇಮಿನಲ್ಲಿ ಡಿರೇಲರ್ ಕೂರುವ ತುಂಡು), ಡಿರೇಲರ್ ಮೂರೂ ಒಟ್ಟಿಗೆ ಹೋಗುತ್ತವೆ. ಬಿದ್ದರೆ ನಿಮಗೂ ಪೆಟ್ಟು. ಹೊಸ ಚೈನನ್ನು ಡಿರೇಲರ್ ಒಳಗೆ ಹಾಯಿಸದೆ, ಮುಂದಿನ 50 ಮತ್ತು ಹಿಂದಿನ 32ರ ಮೇಲೆ ನೇರ ಸುತ್ತಿ. ತುದಿಗಳು ಸೇರುವ ಜಾಗಕ್ಕೆ ಇನ್ನೆರಡು ಕೊಂಡಿ ಕೂಡಿಸಿ. ಅಲ್ಲಿಗೆ ಕತ್ತರಿಸಿ. ಅಂಗಡಿಯಲ್ಲಿ ಮಾಡಿಸುವುದಾದರೂ ಪಕ್ಕದಲ್ಲಿ ನಿಂತು ಇದನ್ನು ನೋಡಿ. ಕ್ಯಾಸೆಟ್ಟಿನ ಲಾಕ್‌ರಿಂಗ್ 40 ನ್ಯೂಟನ್ ಮೀಟರ್ ಬಿಗಿ ಇರಬೇಕು. ಡಿರೇಲರಿನ ಮೇಲಿನ ಪುಟ್ಟ ಚಕ್ರಕ್ಕೂ 32 ಹಲ್ಲಿನ ಚಕ್ರಕ್ಕೂ ನಡುವೆ 5-6 ಮಿಲಿಮೀಟರ್ ಸಂದು ಬಿಡಬೇಕು. ಅದಕ್ಕೆ ಬಿ ಸ್ಕ್ರೂ ಇದೆ. ಎಲ್ ಅಂತ ಬರೆದ ಸ್ಕ್ರೂ ಚೈನ್ ಸ್ಪೋಕಿನ ಕಡೆ ಬೀಳದ ಹಾಗೆ ತಡೆಯುತ್ತದೆ. ಮೊದಲು ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿ ಕೈಯಲ್ಲಿ ಪೆಡಲ್ ತಿರುಗಿಸಿ ಎಲ್ಲ ಗೇರ್ ನೋಡಿ. ಆಮೇಲೆ ರಸ್ತೆಗೆ.

ಇಷ್ಟಾದರೂ ಭಾರ ಅನ್ನಿಸಿದರೆ ಆಗ ಮುಂದಿನ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು ಮತ್ತು ರಿಂಗ್ ಸೇರಿದ ಭಾಗ, ಅದರ ಯೋಚನೆ ಮಾಡೋಣ. 46 ಮತ್ತು 30 ಹಲ್ಲಿನ ಕ್ರ್ಯಾಂಕ್ ಸಿಗುತ್ತವೆ. ನಿಮ್ಮ ಈಗಿನ ಕ್ರ್ಯಾಂಕಿಗೆ ಬರೀ 30ರ ರಿಂಗ್ ತಂದು ಕೂರಿಸಲು ಆಗುವುದಿಲ್ಲ, ಬೋಲ್ಟಿನ ತೂತುಗಳ ವೃತ್ತವೇ ದೊಡ್ಡದು. ಇಡೀ ಕ್ರ್ಯಾಂಕ್, ಬೇರಿಂಗ್, ಮುಂದಿನ ಡಿರೇಲರ್ ಹೊಂದಾಣಿಕೆ ಎಲ್ಲ ನೋಡಬೇಕು. ಖರ್ಚು ಜಾಸ್ತಿ. ಅದಕ್ಕೇ ಯಾವಾಗಲೂ ಹಿಂದಿನಿಂದ ಶುರು ಮಾಡಿ ಅನ್ನುತ್ತೇನೆ.

ಸೀಟಿನ ಎತ್ತರವನ್ನೂ ಇದೇ ಹೊತ್ತಿಗೆ ನೋಡಿ. ಸೀಟು ತಗ್ಗಿದ್ದರೆ ಮಂಡಿಯ ಮುಂಭಾಗವೇ ನೋಯುವುದು. ಗೋಡೆ ಹಿಡಿದು ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಮುಂಗಾಲಿನಲ್ಲಿ ತುಳಿಯುವಾಗ ಆಗ ಮಂಡಿ ಚೂರು ಬಾಗಿರುತ್ತದೆ. ಗೇರ್, ಸೀಟು ಎರಡೂ ಸರಿ ಆದ ಮೇಲೂ ನೋವು ಹೋಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ. ಅದು ನನ್ನ ಕೈ ಮೀರಿದ ವಿಷಯ.

ನಿಮ್ಮ ಹುಡುಗರ ಮಾತಿಗೆ ಬರುತ್ತೇನೆ. ಒಂದು ಕ್ವಿಂಟಲ್ ಮೆಕ್ಕೆಜೋಳವನ್ನು ಎರಡು ಸಲಕ್ಕೆ ಮಹಡಿಗೆ ಹೊತ್ತರೂ ನಾಲ್ಕು ಸಲಕ್ಕೆ ಹೊತ್ತರೂ ಮೇಲೆ ಸೇರುವುದು ಒಂದೇ ಕ್ವಿಂಟಲ್. ಗುಡ್ಡದ ತುದಿಗೆ 85 ಕಿಲೊ ಏರಿಸುವ ಕೆಲಸ ಯಾವ ಗೇರಿನಲ್ಲೂ ಅಷ್ಟೇ. ಭಾರದ ಗೇರಿನಲ್ಲಿ ಅದನ್ನು ಕೀಲು ಮತ್ತು ಸ್ನಾಯು ಹೊರುತ್ತವೆ. ಹಗುರ ಗೇರಿನಲ್ಲಿ ಹೃದಯ ಮತ್ತು ಉಸಿರು ಪಾಲು ತೆಗೆದುಕೊಳ್ಳುತ್ತವೆ. 52ರ ವಯಸ್ಸಿನಲ್ಲಿ ವ್ಯಾಯಾಮ ಬೇಕಾಗಿರುವುದು ಹೃದಯಕ್ಕೇ ಅಲ್ವಾ?

ಇದು ಹಳೇ ವಾದ ಕೂಡ. ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಅಲ್ಲಿ ಡಿರೇಲರ್ ಬಳಸಲು ಬಿಟ್ಟದ್ದು 1937ರಲ್ಲಿ. ಅದಕ್ಕೆ ಮುಂಚೆ ಪರ್ವತದ ಬುಡದಲ್ಲಿ ಸವಾರರು ಇಳಿದು, ಹಿಂದಿನ ಗಾಲಿ ಬಿಚ್ಚಿ ತಿರುವಿ ಹಾಕುತ್ತಿದ್ದರು. ಗಾಲಿಯ ಇನ್ನೊಂದು ಬದಿಯಲ್ಲಿ ಏರಿಗೆ ಅಂತ ಜಾಸ್ತಿ ಹಲ್ಲಿನ ಚಕ್ರ ಇರುತ್ತಿತ್ತು. ಡಿರೇಲರ್ ಬಂದ ಮೇಲೆ ಆ ಆಟದ ಕಷ್ಟವೇನೂ ಕಡಿಮೆ ಆಗಲಿಲ್ಲ. ಇವತ್ತು ರೇಸಿಗೆ ಅಂತಲೇ ಮಾಡುವ ಶಿಮಾನೊ ಡ್ಯುರಾ-ಏಸ್ ಸೆಟ್ಟಿಗೂ 11-34 ಕ್ಯಾಸೆಟ್ ಇದೆ. ಆಲ್ಪ್ಸ್ ಏರುವ ವೃತ್ತಿಪರರಿಗೆ 34 ಹಲ್ಲು ಬೇಕಾದರೆ, ಪಾಠ ಮುಗಿಸಿ ಸಂಜೆ ಜೋಗಿಮಟ್ಟಿ ಏರುವ ಮೇಷ್ಟ್ರಿಗೆ 32 ಯಾಕೆ ಬೇಡ? ಹುಡುಗರಿಗೆ ಇದನ್ನು ಓದಿ ಹೇಳಿ. ಅವರ ಮಂಡಿಯೂ ಉಳಿಯಲಿ.

ಪ್ರಶ್ನೆ: ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರ ನನ್ನದು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ರೇಸಿಂಗ್ ಸೈಕಲ್ ತರಿಸಿದೆ. ಮುಂದೆ 53-39, ಹಿಂದೆ 12-25, 9 ಗೇರ್. ಕೊಂಡಜ್ಜಿ, ಹರಿಹರ ಏನೂ ತೊಂದರೆ ಇಲ್ಲ. ದುರ್ಗದ ಕಡೆ ಗುಡ್ಡ ಸಿಕ್ಕರೆ ಇಳಿದು ತಳ್ಳಬೇಕು. ಮುಂದಿನ 39ರ ಜಾಗಕ್ಕೆ 34 ಹಾಕಬಹುದಾ?

ಉತ್ತರ: ಹಾಕಲು ಬರುವುದಿಲ್ಲ, ಸಾಹುಕಾರ್ರೇ. ನಿಮ್ಮ ಕ್ರ್ಯಾಂಕಿನ ಬೋಲ್ಟ್ ವೃತ್ತ 130 ಮಿಲಿಮೀಟರ್. ಅದಕ್ಕೆ 38ಕ್ಕಿಂತ ಚಿಕ್ಕ ರಿಂಗ್ ಕೂರುವುದಿಲ್ಲ. 34 ಬೇಕು ಅಂದರೆ 110ರ ಕಾಂಪ್ಯಾಕ್ಟ್ ಕ್ರ್ಯಾಂಕನ್ನೇ ತರಬೇಕು. ಆಗ ಮುಂದಿನ ಡಿರೇಲರನ್ನು ಸ್ವಲ್ಪ ಕೆಳಗಿಳಿಸಿ ಹೊಂದಿಸುವ ಕೆಲಸವೂ ಬರುತ್ತದೆ.

ಅದಕ್ಕೆ ಮುಂಚೆ ಒಂದು ಲೆಕ್ಕ ನೋಡಿ. ನಿಮ್ಮ ಈಗಿನ ಹಗುರ ಗೇರ್ 39ಕ್ಕೆ 25, ಅಂದರೆ 1.56. ಹೊಸ ಕ್ರ್ಯಾಂಕ್ ತಂದು 34ಕ್ಕೆ 25 ಮಾಡಿದರೆ 1.36. ಕ್ರ್ಯಾಂಕ್ ಮುಟ್ಟದೆ ಹಿಂದೆ 28 ಹಲ್ಲಿನ ಕ್ಯಾಸೆಟ್ ಹಾಕಿದರೆ 39ಕ್ಕೆ 28, ಅಂದರೆ 1.39. ಎರಡೂ ಹತ್ತಿರ ಹತ್ತಿರ ಒಂದೇ. ಖರ್ಚಿನಲ್ಲಿ ಮಾತ್ರ ಭಾರೀ ವ್ಯತ್ಯಾಸ. ಮೊದಲು ಕ್ಯಾಸೆಟ್ ಹಾಕಿಸಿ. ಸಾಲದಿದ್ದರೆ ಮುಂದಿನ ವರ್ಷ ಕ್ರ್ಯಾಂಕ್. ಎರಡೂ ಸೇರಿದರೆ 1.21 ಆಗುತ್ತದೆ, ದುರ್ಗದ ಏರುಗಳಿಗೆ ಬೇರೆಯೇ ಸೈಕಲ್ ಆಗಿರುತ್ತದೆ.

ನಮ್ಮ ಊರಿನ ಸವಾರರಿಗೆಲ್ಲ ಹೇಳುವ ಮಾತು ಇದು. ಭದ್ರಾ ಕಾಲುವೆ, ಗದ್ದೆ ಬಯಲಿನ ರಸ್ತೆಯಲ್ಲಿ ಯಾವ ಗೇರಾದರೂ ನಡೆಯುತ್ತದೆ. ಸೈಕಲ್ ಕೊಳ್ಳುವಾಗ ಅಲ್ಲಿ ಓಡಿಸಿ ನೋಡಿ ಒಪ್ಪಿಕೊಳ್ಳಬೇಡಿ. ಹಲ್ಲು ಎಣಿಸಿ.

ಪ್ರಶ್ನೆ: ಭರಮಸಾಗರದಿಂದ ಬರೆಯುತ್ತಿದ್ದೇನೆ. ಗೇರ್ ಇರುವ ಒಂದೇ ಸೈಕಲ್ಲನ್ನು ನಾನು ಮತ್ತು ನನ್ನ ಮಗಳು ಇಬ್ಬರೂ ಬಳಸುತ್ತೇವೆ. ಹೊಸ ಚೈನ್ ಹಾಕಿಸಿದ ಮೇಲೆ ಏರಿನಲ್ಲಿ ಜೋರಾಗಿ ತುಳಿದರೆ ಚೈನ್ ಟಕ್ ಅಂತ ಹಾರುತ್ತದೆ. ಚೈನ್ ಕಳಪೆ ಇರಬಹುದೇ?

ಉತ್ತರ: ಇಲ್ಲ ಅಕ್ಕಾ, ಚೈನ್ ಚೆನ್ನಾಗಿಯೇ ಇದೆ. ಹಿಂದಿನ ಹಲ್ಲು ಸವೆದಿದೆ. ಹಳೇ ಚೈನ್ ಹಿಗ್ಗುತ್ತಾ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸಿರುತ್ತದೆ. ಹೊಸ ಚೈನ್ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಹೆಚ್ಚು ಬಳಸುವ ಎರಡು ಮೂರು ಗೇರಿನಲ್ಲಿ ಮಾತ್ರ ಹಾರುತ್ತಿದ್ದರೆ ಇದೇ ಖಾತ್ರಿ. ಕ್ಯಾಸೆಟ್ ಬದಲಿಸಿ. ಹಾಗೇ ಬಿಟ್ಟರೆ ಮಗಳು ನಿಂತು ತುಳಿಯುವಾಗ ಬಿದ್ದಾಳು.

ಮುಂದಕ್ಕೆ ಹೀಗಾಗದಿರಲು ಮಕ್ಕಳ ಕಂಪಾಸ್ ಡಬ್ಬಿಯ ಪುಟ್ಟ ಸ್ಕೇಲ್ ಸಾಲದು, 12 ಇಂಚಿನದು ತನ್ನಿ. ಚೈನಿನ ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಡಿ. 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ಮಧ್ಯ ಬರಬೇಕು. ಒಂದು ಇಂಚಿನ ಹದಿನಾರನೇ ಒಂದು ಭಾಗ ಆಚೆ ಹೋಗಿದ್ದರೆ ಚೈನ್ ಬದಲಿಸಿ, ಕ್ಯಾಸೆಟ್ ಉಳಿಯುತ್ತದೆ. ಎಂಟನೇ ಒಂದು ಭಾಗ ಹೋಗಿದ್ದರೆ ಎರಡನ್ನೂ ಬದಲಿಸಲೇಬೇಕು.

ಪ್ರಶ್ನೆ: ಅಂಕಲ್, ನಾನು ದಾವಣಗೆರೆಯಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ನನ್ನ ಸೈಕಲ್ಲಿಗೆ ಮುಂದೆ ಒಂದೇ ರಿಂಗ್, ಹಿಂದೆ 7 ಗೇರ್, 14-28. ಬಾತಿ ಗುಡ್ಡದ ಕಡೆ ಹೋಗಲು ಹಗುರ ಗೇರ್ ಬೇಕು ಅಂತ ಆನ್‌ಲೈನಿನಲ್ಲಿ 11-32 ಕ್ಯಾಸೆಟ್ ತರಿಸಿದೆ. ಗಾಲಿಗೆ ಕೂರುತ್ತಲೇ ಇಲ್ಲ.

ಉತ್ತರ: ಕೂರುವುದಿಲ್ಲ ತಮ್ಮಾ. ನಿನ್ನದು ಮರೆ (ಸ್ಕ್ರೂವಿನಂಥ ಸುರುಳಿ ಗೆರೆ) ಸುತ್ತಿ ಕೂರಿಸುವ ಫ್ರೀವೀಲ್. ಕ್ಯಾಸೆಟ್ ಬೇರೆ ಥರದ ಹಬ್‌ಗೆ (ಗಾಲಿಯ ನಡುವಿನ ಭಾಗಕ್ಕೆ) ಜಾರಿಸಿ ಹಾಕುವಂಥದ್ದು. ಗಾಲಿ ಬಿಚ್ಚಿ ಹಲ್ಲುಗಳನ್ನು ಹಿಂದಕ್ಕೆ ತಿರುಗಿಸಿ ನೋಡು. ನಡುವೆ ಟೂಲ್ ಕೂರುವ ಕಚ್ಚುಗಳು ಅಲುಗದೆ ನಿಂತಿದ್ದರೆ ಫ್ರೀವೀಲ್. ಹಲ್ಲಿನ ಜೊತೆ ಅವೂ ತಿರುಗಿದರೆ ಕ್ಯಾಸೆಟ್.

ತರಿಸಿದ್ದನ್ನು ವಾಪಸ್ ಕಳಿಸು. 7 ಗೇರಿನ ಫ್ರೀವೀಲ್‌ನಲ್ಲೇ 14-34 ಸಿಗುತ್ತದೆ. ಕೊಳ್ಳುವ ಮುಂಚೆ ನಿನ್ನ ಡಿರೇಲರ್ 34 ಹಲ್ಲು ತಡೆಯುತ್ತದಾ ಅಂತ ಕೇಳು, ಚೈನ್ ಉದ್ದವನ್ನೂ ನೋಡಿಸು. ಹಳೇ ಫ್ರೀವೀಲ್ ಬಿಚ್ಚಲು ಮನೆಯಲ್ಲಿ ಒದ್ದಾಡಬೇಡ. ತುಳಿದಷ್ಟೂ ಅದರ ಮರೆ ಬಿಗಿಯಾಗುತ್ತಾ ಹೋಗಿರುತ್ತದೆ. ಕಚ್ಚು ಮುರಿದರೆ ಆಮೇಲೆ ಬಿಚ್ಚುವುದು ಬಲು ಕಷ್ಟ. ಗಾಲಿಯನ್ನಷ್ಟೇ ಬಿಚ್ಚಿಕೊಂಡು, ಸರಿಯಾದ ಟೂಲ್ ಮತ್ತು ಬೆಂಚ್ ವೈಸ್ ಇರುವ ಅಂಗಡಿಗೆ ತಗೊಂಡು ಹೋಗು. ಹೊಸದನ್ನು ಹಾಕುವಾಗ ಮರೆಗೆ ಗ್ರೀಸ್ ಸವರಲು ಹೇಳು.